ಒಲೆ ಆರಿದ ವಸ್ತಿಗಳಿಗೆ ರೊಟ್ಟಿ ಒಯ್ದ ನೀಲವ್ವಾಯಿ

ಹಸಿದವರನ್ನು ಹೆಸರಿನ ಯಾದಿಗಾಗಿ ಕಾಯಿಸಿದ್ದು ತಪ್ಪು.
ಆ ತಪ್ಪು ಮಾಡಿದ ರಿಲೀಫ್ ಕಮಿಟಿಯಲ್ಲಿ ನಾನೂ ಇದ್ದೆ.

ನಮ್ಮನ್ನು ತಿದ್ದಿದ ಬಬಲೇಶ್ವರದ ನೀಲವ್ವಾಯಿ ಇಂದು ನಸುಕಿನಲ್ಲಿ ತೀರಿಕೊಂಡಳಂತೆ...
ಎರಡೇ ದಿನದ ಜ್ವರವಂತೆ...
ಅವಳ ಗಾಡಿ ಹೊಡೆಯುವ ಮಲ್ಲಪ್ಪ ಬಂದು ಹೇಳಿದಾಗ ನಂಬಲಿಲ್ಲ.
ಮೊನ್ನೆ ಸೋಮವಾರ ಅವಳೇ ಬುಟ್ಟಿ ಇಳಿಸಿದ್ದಳಲ್ಲ...

ಓದುವ ಮನೆಯ ಗೆಳೆಯರೇ,
ಅವಳನ್ನು ನೋಡದವರಿಗಾಗಿ ಈ ಹಾಳೆಯನ್ನು ಬಾಗಿಲಿಗೆ ಅಂಟಿಸುತ್ತಿದ್ದೇನೆ.

ಡೋಣಿ ಹೊಳೆ ಉಕ್ಕಿ ಟಿಕೋಟದ ಆಚೆಯ ವಸ್ತಿಗಳಲ್ಲಿ ಗೋಡೆ ಬಿದ್ದವು, ಕಾಳು ಕೊಚ್ಚಿಹೋಯಿತು.
ನಾವು ಇಲ್ಲಿ ವಿಜಾಪುರದಲ್ಲಿ ಕುರ್ಚಿ ಹಾಕಿಕೊಂಡು, ನೆರವಿಗೆ ಯಾರು ಯೋಗ್ಯರು ಎಂದು ಹೆಸರು ಬರೆಯುತ್ತಿದ್ದೆವು.

ನಾಲ್ಕನೆಯ ದಿನ ಅವಳ ಗಾಡಿ ಬಂತು.
ನೇರ ದಾರಿ ನೀರಿನಲ್ಲಿತ್ತು, ಅದಕ್ಕೇ ನಮ್ಮ ಊರಿನ ಮೇಲೆ ಬಂದಿದ್ದಳು.
ಗಾಡಿ ತುಂಬ ಖಡಕ್ ರೊಟ್ಟಿ... ತನ್ನ ಓಣಿಯ ಮನೆಮನೆಯಿಂದ ಕೂಡಿಸಿದ್ದು.

"ಯಾವ ವಸ್ತಿಗೆ ಮೊದಲ ಒಯ್ಯಲಿ, ಹೇಳ್ರಿ."
"ಯಾದಿ ಇನ್ನೂ ಮುಗಿದಿಲ್ರಿ ಆಯಿ, ಸಹಿ ಆಗಬೇಕು" ಎಂದರು ನಮ್ಮ ಸೆಕ್ರೆಟರಿ.
"ಸತ್ತವರ ಮನಿಗೆ ರೊಟ್ಟಿ ಒಯ್ಯಾಕ ಯಾರ ಸಹಿ ತರ್ತೀರಿ ಸಾಹೇಬ್ರ? ವಸ್ತಿಯವರ ಒಲಿನೂ ಹಂಗ ಆರೇತಿ, ನಮ್ಮದು ಉರಿಯಾಕತ್ತೇತಿ. ಮತ್ತೇನ ನೋಡ್ತೀರಿ?"

ನಾನು ಎದ್ದು, ಕರಪತ್ರದಲ್ಲಿ ಓದಿದ ಸಮಾನ ಹಂಚಿಕೆಯ ತತ್ವ ಹೇಳತೊಡಗಿದೆ.
"ಛಲೋ ಹೇಳ್ತಿ ತಮ್ಮಾ. ಹೇಳಕೋತನ ಬುಟ್ಟಿ ಹಿಡಿ."
ಹಿಡಿದೆ...

ವಸ್ತಿಯಲ್ಲಿ ಜನ ನಾಚಿ ದೂರ ನಿಂತಿದ್ದರು.
"ಖಡಕ್ ರೊಟ್ಟಿ ಐತ್ರಿ, ಹಲ್ಲಿದ್ದವರು ಮುಂದ ಬರ್ರಿ" ಎಂದಳು.
"ಇಲ್ಲದವರು?" ಎಂದ ಒಬ್ಬ ಮುದುಕ.
"ನೀ ಸಾರಿನ್ಯಾಗ ನೆನಸ್ಕೊಂಡು ತಿನ್ನೋ ಯಪ್ಪಾ, ಅದನ್ನೂ ತಂದೇನಿ."
ಎಷ್ಟೋ ದಿನಗಳ ಮೇಲೆ ಅಲ್ಲಿ ನಗು ಕೇಳಿತು.

ಆಯಿ...
ದೊಡ್ಡ ಮನೆಯವರು ಮುಂದೆ ನುಗ್ಗಿದಾಗ ನೀನು ಕೇರಿಯವರನ್ನು ಕರೆದು ಮೊದಲು ಕೊಟ್ಟೆ.
"ಅವರು ಮುಂಜಾನಿಂದ ನಿಂತಾರ, ನೀವು ಈಗ ಬಂದೀರಿ" ಎಂದೆ ನೀನು.
ನಾನು ಇದನ್ನೇ ಹಾಳೆಗಟ್ಟಲೆ ಓದಿದ್ದೆ ಆಯಿ... ಕಣ್ಣಿಂದ ನೋಡಿದ್ದು ಅಂದೇ.
ನನ್ನ ಕೈಗೆ ಬುಟ್ಟಿ ಕೊಟ್ಟದ್ದಕ್ಕೆ ನಾನು ನಿನಗೆ ಋಣಿ.

ಮೂರು ವಾರ, ಸೋಮವಾರ ಮತ್ತು ಗುರುವಾರ, ಗಾಡಿ ತಪ್ಪಲಿಲ್ಲ.
ನಮ್ಮ ಯಾದಿಗೆ ಇನ್ನೂ ಸಹಿ ಬಿದ್ದಿಲ್ಲ.
ವಸ್ತಿಯವರ ಸಗಣಿ ಕುಳ್ಳು ಇನ್ನೂ ಒಣಗಿಲ್ಲ. ಒಲೆ ಹತ್ತುವಂತಿಲ್ಲ.

ಅವಳ ಸೊಸೆ ಮಲ್ಲಪ್ಪನ ಕೈಯಲ್ಲಿ ಹೇಳಿ ಕಳಿಸಿದ್ದಾಳೆ:
"ಅತ್ತಿ ಹೋಗ್ಯಾರ. ನಮ್ಮ ಮನ್ಯಾಗ ಒಲಿ ಹಚ್ಚಂಗಿಲ್ಲ, ಓಣಿ ಮಂದಿ ಎಲ್ಲಾ ಮಣ್ಣಿಗೆ ಬಂದಾರ. ನಾಳಿ ರೊಟ್ಟಿ ಬರಂಗಿಲ್ಲ ಅಂತ ವಸ್ತಿಗೆ ಯಾರರೆ ಹೋಗಿ ಹೇಳ್ರಿ."

ನಾನು ಹೇಳುವುದಿಲ್ಲ.
ಮಲ್ಲಪ್ಪ ಎತ್ತುಗಳಿಗೆ ಮೇವು ಹಾಕಿ ಇಲ್ಲೇ ಕೂತಿದ್ದಾನೆ.
ಗೆಳೆಯರೇ, ಮನೆಗೆ ಹೋಗಿ ಗಾಡಿಗೆ ರೊಟ್ಟಿ ಬಡಿದುಕೊಡಲು ಅವ್ವ, ಅಕ್ಕಂದಿರಿಗೆ ಹೇಳಿ. ಅವರಿಗೆ ಬಿಡುವಿಲ್ಲದಿದ್ದರೆ ನೀವೇ ಹಿಟ್ಟು ನಾದಿ.
ನಾನು ಬಡಿದ ರೊಟ್ಟಿಯ ಅಂಚೆಲ್ಲ ಸೀಳಿದೆ... ಆದರೂ ಬೇಯುತ್ತದೆ.

ಆಯಿ, ನೀನು ಬಹಳ ದಣಿದಿದ್ದೆ. ಬಬಲೇಶ್ವರದ ಕರಿಮಣ್ಣು ನಿನಗೆ ಮೆತ್ತಗಿರಲಿ, ನಿನ್ನ ಜೀವ ತಣ್ಣಗಿರಲಿ...

ಸೊಲ್ಲಾಪುರ ರಸ್ತೆ, ನಮ್ಮ ಓದುವ ಮನೆಯ ಮುಂದೆ ಗಾಡಿ ನಿಂತಿರುತ್ತದೆ.
ಯಾರ ಹೆಸರನ್ನೂ ಬರೆದುಕೊಳ್ಳುವುದಿಲ್ಲ.
ನಾಳೆ ಗುರುವಾರ, ಬೆಳಿಗ್ಗೆ ಏಳು ಗಂಟೆಗೆ.