ಪುಕ್ಕವಿಲ್ಲದೆ ಬಂದ ಆರು ಹಕ್ಕಿಗಳು

ಶನಿವಾರ ಬೆಳಿಗ್ಗೆ ಎಂಟಕ್ಕೆ ಡ್ರೂಸಿಲಾ ಡರ್ನ್‌ಫೋರ್ಡ್ ಹಿಂಬಾಗಿಲು ತೆರೆದಾಗ ಮೆಟ್ಟಿಲ ಮೇಲೆ ಒಂದು ಬಿಳಿ ಬಕೆಟ್ ಇತ್ತು. ಬಾಯಿಗೆ ಹಲಗೆ, ಹಲಗೆಯ ಮೇಲೆ ಬೆಕ್ಕು ಉರುಳಿಸಲಾರದಂಥ ಕಲ್ಲು. ಒಳಗೆ ಆರು ಟರ್ ಹಕ್ಕಿಗಳು. ಪುಕ್ಕ ಕಿತ್ತು, ಉಳಿದ ತುಪ್ಪಳವನ್ನು ಬೆಂಕಿಯಲ್ಲಿ ಸೀಯಿಸಿ, ಕರುಳು ತೆಗೆದು, ಕಾಲು ಕತ್ತರಿಸಿ, ತೊಳೆದಿಟ್ಟ ಹಕ್ಕಿಗಳು. ಅವಳು ಹಲಗೆಯನ್ನು ಕೈಯಲ್ಲಿ ಹಿಡಿದು ನಿಂತೇ ಇದ್ದಳು. ಅಡುಗೆಮನೆಯ ಬಿಸಿಯೆಲ್ಲ ಹೊರಗೆ ಹೋದ ಮೇಲೆ ಬಾಗಿಲು ಹಾಕಿಕೊಂಡಳು.

ನ್ಯೂಫೌಂಡ್‌ಲ್ಯಾಂಡಿನ ದಕ್ಷಿಣ ತೀರದ ಟಿಲ್ಲರ್ಸ್ ಕೋವ್‌ನಲ್ಲಿ ಚಳಿಗಾಲಕ್ಕೆ ಹೊಗೆ ಏಳುವುದು ಹತ್ತೊಂಬತ್ತು ಮನೆಗಳಿಂದ. ರಸ್ತೆಯಿಲ್ಲ, ವಾರಕ್ಕೆ ಮೂರು ಸಲ ದೋಣಿ ಬರುತ್ತದೆ, ಗಾಳಿ ಬರಗೊಟ್ಟರೆ. ಜನವರಿ ಕೊನೆಗೆ ಕಪ್ಪು ಬೆನ್ನಿನ, ಬಿಳಿ ಹೊಟ್ಟೆಯ ಟರ್ ಹಕ್ಕಿಗಳು ದಡದ ಹತ್ತಿರದ ನೀರಿಗೆ ಬರುತ್ತವೆ, ಗಂಡಸರು ಕೋವಿ ಹಿಡಿದು ದೋಣಿ ಇಳಿಸುತ್ತಾರೆ. ಬೇಟೆಗೆ ಹೋಗುವವರಿಲ್ಲದ ಮನೆಗಳ ಮೆಟ್ಟಿಲ ಮೇಲೆ ಒಂದು ಬಕೆಟ್ ಬಂದು ಕೂರುತ್ತದೆ. ಯಾರೂ ಕೇಳುವುದಿಲ್ಲ, ಯಾರೂ ಕೃತಜ್ಞತೆ ಹೇಳುವುದಿಲ್ಲ. ಹಕ್ಕಿಗಳು ಪುಕ್ಕದ ಸಮೇತ ಬರುತ್ತವೆ. ಪುಕ್ಕ ಕಿತ್ತು ಕಳಿಸುವುದು ಬಾಣಂತಿಗೆ, ಹಾಸಿಗೆ ಹಿಡಿದವರಿಗೆ, ಮನೆಮಂದಿಯ ಹೆಸರು ಮರೆತವರಿಗೆ.

ಡ್ರೂಸಿಲಾಗೆ ಎಪ್ಪತ್ತೊಂದು. ಕಳೆದ ವರ್ಷದವರೆಗೆ ಅವಳ ಮೆಟ್ಟಿಲಿಗೆ ಬಕೆಟ್ ಬಂದದ್ದಿಲ್ಲ. ಆ ಮನೆಯಿಂದಲೇ ಬೇರೆ ಮನೆಗಳಿಗೆ ಬಕೆಟ್ ಹೋಗುತ್ತಿತ್ತು. ಅಣ್ಣ ಹೆಡ್ಲಿ ಬೇಟೆಗೆ ಹೋಗುತ್ತಿದ್ದ. ಅವನೂ ಮದುವೆಯಾಗಲಿಲ್ಲ, ಅವಳೂ ಆಗಲಿಲ್ಲ. ಏಪ್ರಿಲ್‌ನಲ್ಲಿ ಪಟ್ಟಣದ ಆಸ್ಪತ್ರೆಯಲ್ಲಿ ಅವನು ತೀರಿಕೊಂಡ. ಈ ಚಳಿಗಾಲ ಬಕೆಟ್ ಬರುತ್ತದೆಂಬುದು ಅವಳಿಗೆ ಗೊತ್ತಿತ್ತು, ಅದಕ್ಕೆ ಮನಸ್ಸನ್ನೂ ಸಿದ್ಧಮಾಡಿಕೊಂಡಿದ್ದಳು. ಶುಕ್ರವಾರವೇ ಶೆಡ್ಡಿನ ನೆಲಕ್ಕೆ ಹಳೆಯ ಪತ್ರಿಕೆ ಹಾಸಿ, ಪುಕ್ಕ ತುಂಬಲು ಚೀಲ ತೂಗುಹಾಕಿ, ಅಣ್ಣ ಕೂರುತ್ತಿದ್ದ ಪೆಟ್ಟಿಗೆಯನ್ನು ಗೋಡೆಗೆ ಸರಿಸಿ, ತನ್ನದನ್ನು ಬೆಳಕಿಗೆ ಎಳೆದಿಟ್ಟಿದ್ದಳು. ಬೋಳು ಹಕ್ಕಿ ಬರುತ್ತದೆಂದು ಮಾತ್ರ ಅಂದುಕೊಂಡಿರಲಿಲ್ಲ.

ಕಾರಣ ಅವಳ ಬಲ ಮಣಿಕಟ್ಟು. ಅಕ್ಟೋಬರಿನಲ್ಲಿ ದೋಣಿಕಟ್ಟೆಯ ಮೇಲೆ ಜಾರಿ ಬಿದ್ದು ಮುರಿದುಕೊಂಡಿದ್ದಳು. ಕ್ರಿಸ್ಮಸ್‌ಗೆ ಮೊದಲೇ ಪಟ್ಟಿ ಬಿಚ್ಚಿದ್ದರು. ಆದರೆ ಎರಡು ತಿಂಗಳು ಊರೆಲ್ಲ ಆ ಪಟ್ಟಿಯನ್ನು ನೋಡಿತ್ತು.

ಹಕ್ಕಿ ಕಾಯುವುದಿಲ್ಲ. ಕತ್ತರಿಸಿ, ಉಪ್ಪುನೀರಿನಲ್ಲಿ ನೆನೆಸಿ, ಹಸಿ ಮಾಂಸವನ್ನೇ ಗಾಜಿನ ಜಾಡಿಗಳಿಗೆ ತುಂಬಿದಳು. ಜಾಡಿಗೊಂದು ತುಂಡು ಉಪ್ಪು ಹಾಕಿಟ್ಟ ಹಂದಿಮಾಂಸ, ಎರಡು ಬಿಲ್ಲೆ ಈರುಳ್ಳಿ. ನೀರು ಹಾಕುವಂತಿಲ್ಲ, ಮಾಂಸ ತನ್ನ ರಸ ತಾನೇ ಬಿಡುತ್ತದೆ. ದೊಡ್ಡ ಕುಕ್ಕರಿನಲ್ಲಿ ಒಂದೂವರೆ ಗಂಟೆ. ಆಮೇಲೆ ಆರು ಜಾಡಿಗಳನ್ನು ಬಟ್ಟೆಯ ಮೇಲೆ ಸಾಲಾಗಿಟ್ಟಳು. ತಣ್ಣಗಾಗುವಾಗ ಮುಚ್ಚಳ ಒಳಕ್ಕೆ ಎಳೆದುಕೊಂಡು ಟಿಕ್ ಎಂದು ಬಿಗಿಯಾಗಿ ಕೂರುತ್ತದೆ. ಆ ಸದ್ದನ್ನು ಹೆಡ್ಲಿ ಪಕ್ಕದ ಕೋಣೆಯಿಂದ ಎಣಿಸುತ್ತಿದ್ದ. ಐದು ಟಿಕ್ ಕೇಳಿಸಿತು. ಆರನೆಯದು ಎಷ್ಟು ಹೊತ್ತಾದರೂ ಬರಲಿಲ್ಲ. ಆ ಜಾಡಿಯನ್ನು ಮೊದಲು ತಿನ್ನಲೆಂದು ಫ್ರಿಜ್ಜಿನಲ್ಲಿಟ್ಟಳು.

ಆಚೆ ಮನೆಯ ಎಫಿ ಕದ ತಟ್ಟದೆ ಒಳಗೆ ಬಂದಳು. ಅವಳಿಗೆ ಎಪ್ಪತ್ತಾರು, ಗಂಡ ಸತ್ತು ಒಂಬತ್ತು ವರ್ಷ.

"ಬಂತೇನೇ ನಿಂಗೂ?"

"ಬಂತು."

"ಪುಣ್ಯವಂತೆ ಬಿಡು, ಗಾರ್ಲ್ಯಾಂಡ್ ಕ್ಲೀನ್ ಮಾಡಿ ಕಳ್ಸಿದಾನೆ. ನನ್ನ ನೋಡು, ಬೆಳಿಗ್ಗೆಯಿಂದ ಮೂಗಲ್ಲೆಲ್ಲ ಪುಕ್ಕ. ಸೀನಿದ್ರೆ ಹಕ್ಕೀನೇ ಹಾರೋಗತ್ತೆ."

"ಟೀ ಕುಡೀತೀಯಾ?"

"ಕೂತ್ಕೊಂಡ್ರೆ ಆಯ್ತು ನನ್ ಕಥೆ. ಇನ್ನೂ ನಾಲ್ಕಿದೆ." ಎಫಿ ಸ್ವೆಟರಿನ ತೋಳಿನಿಂದ ಒಂದು ಬಿಳಿ ತುಪ್ಪಳ ತೆಗೆದು ಒಲೆಯ ಮೇಲೆ ಹಾಕಿ ಹೋದಳು. ಅದು ಕ್ಷಣದಲ್ಲಿ ಸುರುಟಿತು. ಅದರ ವಾಸನೆ ಮಾತ್ರ ಸ್ವಲ್ಪ ಹೊತ್ತು ಉಳಿಯಿತು.

ಇಪ್ಪತ್ತು ವರ್ಷದ ಹಿಂದಿನ ಒಂದು ಬಕೆಟ್ ಡ್ರೂಸಿಲಾಗೆ ನೆನಪಾಯಿತು. ಅದನ್ನು ತೆಗೆದುಕೊಂಡು ಹೋದವಳು ಅವಳೇ. ಗುಡ್ಡದ ಮೇಲಿನ ಸಬೀನಾ ಮುದುಕಿಗೆ ಕಣ್ಣು ಮಂಜಾಗುತ್ತಿತ್ತು. ಪಾಪವೆಂದು ಡ್ರೂಸಿಲಾ ಆ ವರ್ಷ ಹಕ್ಕಿಗಳನ್ನು ತಾನೇ ಶುಚಿಮಾಡಿ ಕೊಟ್ಟಿದ್ದಳು. ಸಬೀನಾ ಬಕೆಟ್ಟಿಗೆ ಕೈಹಾಕಿ ಮುಟ್ಟಿ ನೋಡಿ, "ಪುಕ್ಕ ಎಲ್ಲಿ?" ಎಂದಿದ್ದಳು. ದಿಂಬಿಗೆ ಬೇಕೇನೋ ಎಂದುಕೊಂಡ ಡ್ರೂಸಿಲಾ ಮರುದಿನ ಒಂದು ಚೀಲ ಪುಕ್ಕ ಕಳಿಸಿದಳು. ಸಬೀನಾ ಆಮೇಲೆ ಇಸ್ಪೀಟಿನ ಸಂಜೆಗಳಿಗೆ ಬರುವುದನ್ನು ನಿಲ್ಲಿಸಿದಳು. ಅವಳು ಸತ್ತ ಮೇಲೆ ಮನೆ ಖಾಲಿ ಮಾಡಿದವರಿಗೆ ಆ ಚೀಲ ಕಟ್ಟಿದ ಹಾಗೆಯೇ ಸಿಕ್ಕಿತ್ತು. ಆಗ ಡ್ರೂಸಿಲಾ ಅದನ್ನು ಮರೆವು ಎಂದುಕೊಂಡಿದ್ದಳು.

ಮೂರು ಗಂಟೆಗೆ ಅವಳು ಒಂದು ಜಾಡಿಯನ್ನು ಕೋಟಿನ ಜೇಬಿಗೆ ಹಾಕಿಕೊಂಡು ಗಾರ್ಲ್ಯಾಂಡ್ ರೋಸ್‌ನ ಶೆಡ್ಡಿಗೆ ನಡೆದಳು. ಬಕೆಟ್ ಇಟ್ಟವನು ಅವನೇ. ಈಗ ಊರಿನಲ್ಲಿ ದೋಣಿ ಇಳಿಸುವವರು ಮೂವರೇ ಮತ್ತು ಡ್ರೂಸಿಲಾಳ ಬದಿಯ ಮನೆಗಳು ಅವನ ಪಾಲಿನವು. ನಲವತ್ತೈದರ ಗಾರ್ಲ್ಯಾಂಡ್ ತನ್ನ ಮನೆಯ ಹಕ್ಕಿಗಳ ಪುಕ್ಕ ಕೀಳುತ್ತಿದ್ದ.

"ಬಾಗ್ಲು ಹಾಕಿ ಅತ್ತೆ, ಪುಕ್ಕ ಹಾರತ್ತೆ." ಊರಿನ ಹಿರಿಯ ಹೆಂಗಸರೆಲ್ಲ ಅವನಿಗೆ ಅತ್ತೆಯರೇ.

ಅವಳು ಜಾಡಿಯನ್ನು ಅವನ ಪಕ್ಕದ ಬೆಂಚಿನ ಮೇಲಿಟ್ಟಳು. ಅದು ಇನ್ನೂ ಬೆಚ್ಚಗಿತ್ತು.

"ಆಗ್ಲೇ ಜಾಡಿಗೆ ತುಂಬಿದ್ದಾಯ್ತಾ?"

"ಅರ್ಧ ಕೆಲ್ಸ ನೀನೇ ಮಾಡ್ಬಿಟ್ಟಿದ್ದೆ. ನಂಗೆ ಉಳಿದಿದ್ದೇನು?"

ಅವನ ಕೈ ನಿಂತಿತು. "ಕೈ ನೋವಲ್ವಾ ಅಂತ ಅತ್ತೆ."

"ಕೈ ನಂದು. ನನ್ನ ಕೇಳ್ಬೇಕಿತ್ತು."

"ಕೇಳಿದ್ರೆ ನೋವಿಲ್ಲ ಅಂತಿದ್ರಿ."

"ಅಂತಿದ್ದೆ."

ಅವಳು ಕೋಟು ಬಿಚ್ಚಿ, ಮಗುಚಿದ್ದ ಒಂದು ಬಕೆಟ್ಟಿನ ಮೇಲೆ ಕುಳಿತು, ರಾಶಿಯಿಂದ ಒಂದು ಹಕ್ಕಿ ಎತ್ತಿಕೊಂಡಳು. ಅವನು ಬೇಡವೆನ್ನಲಿಲ್ಲ. ನಲವತ್ತು ಚಳಿಗಾಲ ಹೆಡ್ಲಿ ರೆಕ್ಕೆ, ಬೆನ್ನು ನೋಡಿಕೊಂಡರೆ ಇವಳು ಎದೆ ನೋಡಿಕೊಳ್ಳುತ್ತಿದ್ದಳು. ಎದೆಯ ಚರ್ಮ ತೆಳು. ಹೆಬ್ಬೆರಳು ಒತ್ತಿ ಹಿಡಿದು, ಚೂರುಚೂರೇ ಎಳೆಯಬೇಕು. ಆಗ ಹಕ್ಕಿಯೊಂದಕ್ಕೆ ಇಬ್ಬರಿಗೂ ಸೇರಿ ಎಂಟು ನಿಮಿಷ ಸಾಕಾಗುತ್ತಿತ್ತು. ಈಗ ರೆಕ್ಕೆಗಳಿಗೇ ಅಷ್ಟಾಯಿತು. ಬಲಗೈ ಬೆರಳುಗಳು ತುಪ್ಪಳವನ್ನು ಹಿಡಿಯುತ್ತಿದ್ದವು, ಆದರೆ ಎಳೆಯುವ ಹೊತ್ತಿಗೆ ಸಡಿಲವಾಗುತ್ತಿದ್ದವು. ಎಡಗೈಗೆ ಬದಲಿಸಿದಳು. ಎಡಗೈಗೆ ಅಭ್ಯಾಸವಿರಲಿಲ್ಲ. ಗಾರ್ಲ್ಯಾಂಡ್ ಮೂರು ಹಕ್ಕಿ ಮುಗಿಸಿ ನಾಲ್ಕನೆಯದನ್ನು ಬೇಕೆಂದೇ ನಿಧಾನ ಮಾಡಿದ. ಅದು ಅವಳಿಗೆ ಗೊತ್ತಾಯಿತು.

ನಲವತ್ತು ನಿಮಿಷದ ಮೇಲೆ ಅವಳು ಹಕ್ಕಿಯನ್ನು ಬೆಂಚಿನ ಮೇಲಿಟ್ಟಳು. ಎದೆಯ ಕೆಳಗೆ ಅಂಗಿಯ ಗುಂಡಿಯಷ್ಟು ಅಗಲಕ್ಕೆ ಚರ್ಮ ಹರಿದಿತ್ತು. ಹೆಡ್ಲಿ ಇದ್ದಿದ್ದರೆ ಅದನ್ನು ಒಂದು ವಾರ ಊರಿಗೆಲ್ಲ ಹೇಳುತ್ತಿದ್ದ.

"ಅದೇನ್ ಮಹಾ, ನಂದೂ ಹರಿಯತ್ತೆ," ಎಂದ ಗಾರ್ಲ್ಯಾಂಡ್. ಅವನ ರಾಶಿಯಲ್ಲಿ ಒಂದೂ ಹರಿದಿರಲಿಲ್ಲ.

"ಸುಳ್ಳು ಹೇಳೋಕೆ ನಿಮ್ಮಪ್ಪಂಗೂ ಬರ್ತಿರ್ಲಿಲ್ಲ, ಮಗನೇ."

ಅವನು ನಕ್ಕ. ಅವಳು ನಗಲಿಲ್ಲ. ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದುಕೊಂಡು ಕುಳಿತಳು. ಆಮೇಲೆ ಕೋಟು ಹಾಕಿಕೊಳ್ಳಲು ಎದ್ದಳು. ತೋಳು ತೂರಿಸಲು ಎರಡು ಸಲ ಪ್ರಯತ್ನಿಸಬೇಕಾಯಿತು. ಅಷ್ಟು ಹೊತ್ತು ಗಾರ್ಲ್ಯಾಂಡ್ ಕಿಟಕಿಯ ಕಡೆ ನೋಡುತ್ತಿದ್ದ.

"ಮುಂದಿನ್ ವಾರ ಪುಕ್ಕದ್ದೇ ಇಡು."

"ನೋಡೋಣ ಅತ್ತೆ."

"ನೋಡೋಣ ಅನ್ನೋದು ಡಾಕ್ಟ್ರ ಮಾತು. ಹೆಡ್ಲಿಗೂ ಹಂಗೇ ಅಂದಿದ್ರು."

ಅವಳು ಹೊರಗೆ ಬಂದು ಬಾಗಿಲನ್ನು ಬೇಗ ಎಳೆದುಕೊಂಡಳು, ಪುಕ್ಕ ಹಾರದ ಹಾಗೆ.

ಆ ಸಂಜೆ ಮುಚ್ಚಳ ಕೂರದ ಜಾಡಿಯನ್ನು ಬಿಸಿಮಾಡಿ, ಆಲೂಗಡ್ಡೆ ಬೇಯಿಸಿಕೊಂಡು ತಿಂದಳು. ಜಾಡಿಯ ಮಾಂಸ ಒಬ್ಬರಿಗೆ ಹೆಚ್ಚಾಯಿತು. ಉಳಿದದ್ದು ಭಾನುವಾರಕ್ಕೂ ಸೋಮವಾರಕ್ಕೂ ಆಯಿತು. ಶೆಡ್ಡಿನ ನೆಲದ ಪತ್ರಿಕೆಗಳನ್ನು ತೆಗೆಯಲಿಲ್ಲ. ವಾರವಿಡೀ ರೇಡಿಯೊ ಕೇಳುತ್ತ ಮೇಜಿನ ಕೆಳಗೆ ಒಂದು ಉಣ್ಣೆಯ ಕಾಲುಚೀಲವನ್ನು ಬಲಗೈಯಲ್ಲಿ ಹಿಂಡುತ್ತಿದ್ದಳು. ಪಟ್ಟಿ ಬಿಚ್ಚಿದ ದಿನ ನರ್ಸ್ ಹೇಳಿಕೊಟ್ಟ ವ್ಯಾಯಾಮ ಅದು. ಅಲ್ಲಿಯವರೆಗೆ ಒಂದು ದಿನವೂ ಮಾಡಿರಲಿಲ್ಲ.

ಮುಂದಿನ ಶನಿವಾರ ಮೆಟ್ಟಿಲ ಮೇಲೆ ಮತ್ತೆ ಅದೇ ಬಕೆಟ್, ಅದೇ ಹಲಗೆ, ಅದೇ ಕಲ್ಲು. ಮೇಲೆ ನಾಲ್ಕು ಬೋಳು ಹಕ್ಕಿಗಳು. ಅವುಗಳ ಅಡಿಯಲ್ಲಿ, ಪ್ಲಾಸ್ಟಿಕ್ಕಿನಲ್ಲಿ ಬೇರೆಯಾಗಿ ಸುತ್ತಿದ ಎರಡು ಪುಕ್ಕದವು. ಅವಳು ನಾಲ್ಕನ್ನು ಉಪ್ಪುನೀರಿಗೆ ಹಾಕಿ, ಎರಡನ್ನು ಶೆಡ್ಡಿಗೆ ಒಯ್ದಳು. ಮಧ್ಯಾಹ್ನ ಎರಡರ ಹೊತ್ತಿಗೆ ಎರಡೂ ಮುಗಿದವು.