ಅಜೀಮುನ್ನೀಸಾ ಮಾಡಿದ ಕಾಯಿಹಾಲಿನ ಚಾಕೊಲೇಟು

ಹುಳಿಯಾರಿನ ಹುಣಸೆಹಣ್ಣಿನ ವ್ಯಾಪಾರಿಯ ಮಗಳು ಅಜೀಮುನ್ನೀಸಾ ತಿಪಟೂರಿಗೆ ಸೊಸೆಯಾಗಿ ಬಂದಾಗ ಅವಳಿಗೆ ಅಡುಗೆ ಅಷ್ಟಕ್ಕಷ್ಟೆ. ಅನ್ನ ಒಂದು ದಿನ ಅಂಟಾದರೆ ಇನ್ನೊಂದು ದಿನ ಅಕ್ಕಿಯಾಗಿಯೇ ಉಳಿಯುತ್ತಿತ್ತು. ಅತ್ತೆ ಬೀಬಿಜಾನ್ ಮಾತ್ರ ಆ ಬೀದಿಗೇ ಹೆಸರಾದ ಕೈ. ಮದುವೆ ಮನೆಯಲ್ಲಿ ಹಲ್ವಾದ ಪಾತ್ರೆಯ ಮುಂದೆ ಆಕೆ ಬಂದು ನಿಂತರೆ ಅಡುಗೆಯವರೇ ಸೌಟು ಬಿಟ್ಟುಕೊಡುತ್ತಿದ್ದರು. ಹೀಗಾಗಿ ಸೊಸೆಯ ಪಾಲಿಗೆ ಬಂದದ್ದು ಈರುಳ್ಳಿ ಹೆಚ್ಚುವುದು, ಪಾತ್ರೆ ಒರೆಸಿಡುವುದು. ಗಂಡ ಯಾಸೀನ್ ಬಸ್ ನಿಲ್ದಾಣದ ಹಿಂದೆ ಮೋಪೆಡ್ ರಿಪೇರಿ ಮಾಡುವವನು. ಮಾತು ಕಮ್ಮಿ, ಅಮ್ಮನ ಎದುರಿಗಂತೂ ಇನ್ನೂ ಕಮ್ಮಿ.

ತೊಂಬತ್ಮೂರರಲ್ಲಿ ಮಾಹಿರಾ ಹುಟ್ಟಿದಳು. ಎದೆಹಾಲು ಬಿಡಿಸುವ ಹೊತ್ತಿಗೆ ಬೀಬಿಜಾನ್ ಪ್ರೀತಿಯಿಂದ ಬೆರಳ ತುದಿಯಲ್ಲಿ ಒಂದಿಷ್ಟು ಖೋವಾ ನೆಕ್ಕಿಸಿದರು. ನೋಡನೋಡುತ್ತಿದ್ದಂತೆ ಮಗುವಿನ ತುಟಿ ಊದಿಕೊಂಡಿತು, ಮೈಯೆಲ್ಲ ದದ್ದು ಎದ್ದಿತು, ಉಸಿರು ಸಿಳ್ಳೆ ಹೊಡೆಯಲು ಶುರುವಾಯಿತು. ಯಾಸೀನ್ ರಿಪೇರಿಗೆ ಬಂದಿದ್ದ ಯಾರದೋ ಗಾಡಿಯಲ್ಲೇ ಮಗುವನ್ನೂ ಹೆಂಡತಿಯನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋದ. ಮಗು ಉಳಿಯಿತು. ಹಾಲು, ಮೊಸರು, ಬೆಣ್ಣೆ, ತುಪ್ಪ ಯಾವುದೂ ಈ ಮಗುವಿನ ಬಾಯಿಗೆ ಹೋಗಕೂಡದು ಎಂದು ವೈದ್ಯರು ಕಟ್ಟುನಿಟ್ಟಾಗಿ ಹೇಳಿ ಕಳಿಸಿದರು.

ಅಂದಿನಿಂದ ಆ ಮನೆಯಲ್ಲಿ ಮಾಹಿರಾಳ ತಟ್ಟೆ ಬೇರೆ, ಲೋಟ ಬೇರೆ. ರಂಜಾನ್ ದಿನ ಎಲ್ಲರೂ ಹಾಲು ಶಾವಿಗೆಯ ಶೀರ್‌ಖುರ್ಮಾ ಕುಡಿಯುವಾಗ ಅವಳ ಕೈಗೆ ಒಂದು ಖರ್ಜೂರ. ಶಾಲೆಯಲ್ಲಿ ಯಾರದಾದರೂ ಹುಟ್ಟುಹಬ್ಬಕ್ಕೆ ಚಾಕೊಲೇಟು ಹಂಚಿದರೆ ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಮನೆಗೆ ಬರುತ್ತಿದ್ದಳು. ಕರಗಿ ಮೆತ್ತಗಾದ ಚಾಕೊಲೇಟನ್ನು ಅಜ್ಜಿಯ ಕೈಗಿಟ್ಟು, "ತಿನ್ನಿ ದಾದಿ. ಹೆಂಗಿದೆ ಹೇಳಿ" ಎಂದು ಆಕೆಯ ಬಾಯನ್ನೇ ನೋಡುತ್ತಾ ನಿಲ್ಲುತ್ತಿದ್ದಳು.

ಒಂದು ಸಂಜೆ ಇದನ್ನು ಕಂಡ ಅಜೀಮುನ್ನೀಸಾ ಈಳಿಗೆಮಣೆಯಿಂದ ಎದ್ದಳು. ಹೆಚ್ಚುತ್ತಿದ್ದ ಈರುಳ್ಳಿಯನ್ನು ಅಲ್ಲೇ ಬಿಟ್ಟು ಪಕ್ಕದ ಮನೆಗೆ ನಡೆದಳು. ಅದು ಕೊಬ್ಬರಿ ವ್ಯಾಪಾರದ ರೇವಣಸಿದ್ದಯ್ಯನವರ ಮನೆ. ಅವರ ಹೆಂಡತಿ ದ್ರಾಕ್ಷಾಯಣಮ್ಮ ಜಗಲಿಯ ಮೇಲೆ ಕೂತಿದ್ದರು.

"ಅಕ್ಕಾ, ಹಾಲಿಲ್ದೆ ಚಾಕೊಲೇಟ್ ಮಾಡಕ್ಕಾಗುತ್ತಾ?"

"ಹಸಿನ ಹಾಲಿಲ್ದಿದ್ರೆ ಏನಂತೆ, ಕಾಯಿಹಾಲಿಲ್ವೇನೇ? ನಮ್ಮೂರಲ್ಲಿ ಕಾಯಿಗೆ ಬರವಾ?" ಎಂದರು ದ್ರಾಕ್ಷಾಯಣಮ್ಮ. ಅಜೀಮುನ್ನೀಸಾ ಅಲ್ಲೇ ಮೂಲೆಯಲ್ಲಿದ್ದ ಕಾಯಿಗೆ ಕೈ ಹಾಕಿದಾಗ ತಡೆದರು. "ಅದು ಬೇಡ ಕಣೇ, ಅಟ್ಟದಿಂದ ಇಳ್ಸಿದ್ದು. ಕೊಬ್ಬರಿ ಆಗೋ ಕಾಯಿ, ಬರೀ ಎಣ್ಣೆ ಬುಡ್ತದೆ. ತೋಟದಿಂದ ಹೊಸಾ ಕಾಯಿ ಬಂದೈತೆ, ಅದನ್ನ ತಗಂಡೋಗು."

ಯಾಸೀನ್‌ಗೆ ಗೊತ್ತಿದ್ದ ಬೇಕರಿಯಿಂದ ಕೋಕೋ ಪುಡಿ ಬಂತು. ಮೊದಲು ತಂದದ್ದು ಹಾಲಿಗೆ ಬೆರೆಸಿ ಕುಡಿಯುವ ಪುಡಿ. ಅಜೀಮುನ್ನೀಸಾ ಡಬ್ಬಿಯ ಮೇಲಿನ ಇಂಗ್ಲಿಷನ್ನು ಅಕ್ಷರ ಅಕ್ಷರವಾಗಿ ಕೂಡಿಸಿ ಓದಿ, ಅದರಲ್ಲಿ ಹಾಲಿನ ಪುಡಿ ಇದೆಯೆಂದು ವಾಪಸು ಕಳಿಸಿದಳು. ಎರಡನೇ ಸಲ ಬಂದದ್ದು ಕಪ್ಪಗೆ, ಕಹಿಯಾಗಿ, ಸರಿಯಾಗಿತ್ತು.

ಅತ್ತೆ ಮಧ್ಯಾಹ್ನ ಮಲಗಿದಾಗ ಅವಳ ಪ್ರಯೋಗ. ಕಾಯಿ ತುರಿದು, ರುಬ್ಬಿ, ತೆಳ್ಳನೆ ಬಟ್ಟೆಯಲ್ಲಿ ಹಿಂಡಿ ಮೊದಲ ಗಟ್ಟಿ ಹಾಲು ತೆಗೆದಳು. ಅದಕ್ಕೆ ಸಕ್ಕರೆ, ಕೋಕೋ ಹಾಕಿ ಒಲೆಗಿಟ್ಟಳು. ಅವಸರಕ್ಕೆ ಉರಿ ಜಾಸ್ತಿ ಮಾಡಿದ್ದರಿಂದ ಎಣ್ಣೆ ಬೇರೆಯಾಗಿ, ತಳ ಹಿಡಿದು, ಉಳಿದದ್ದು ಹಲ್ಲಿಗೆ ಅಂಟಿಕೊಳ್ಳುವ ಗೋಂದಾಯಿತು. ಮತ್ತೊಂದು ಸಲ ಉರಿ ಸಣ್ಣಗಿಟ್ಟಳು, ಆದರೆ ಇಳಿಸಿದ ಕೂಡಲೇ ಬಿಸಿಬಿಸಿಯಲ್ಲೇ ತಿರುವಿದ್ದಕ್ಕೆ ಸಕ್ಕರೆಯೆಲ್ಲ ಹರಳುಗಟ್ಟಿ ಮರಳು ಮರಳಾಯಿತು. ಮಾಹಿರಾ ಅದನ್ನೂ ಬಿಡದೆ ಚಮಚದಲ್ಲಿ ಕೆರೆದು ತಿಂದಳು. "ಅಮ್ಮಿ, ಇದೇ ಸಾಕು" ಎಂದಳು.

"ಸಾಕಾಗಲ್ಲ ಬೇಟಿ. ಅಂಗಡೀದಕ್ಕಿಂತ ಚೆನ್ನಾಗಿರಬೇಕು" ಎಂದಳು ತಾಯಿ.

ಮಾಡುತ್ತಾ ಮಾಡುತ್ತಾ ಕೈಗೆ ಹದ ಹತ್ತಿತು. ತಣ್ಣೀರಿನ ಬಟ್ಟಲಿಗೆ ಪಾಕದ ಒಂದು ಹನಿ ಬಿಟ್ಟರೆ ಬೆರಳಲ್ಲಿ ಮೆತ್ತನೆ ಉಂಡೆಯಾಗಬೇಕು, ಆಗ ಇಳಿಸಬೇಕು. ಪಾತ್ರೆಯ ತಳ ಅಂಗೈಗೆ ಉಗುರುಬೆಚ್ಚಗೆ ತಾಗುವವರೆಗೂ ಪಾಕಕ್ಕೆ ಸೌಟು ಹಾಕಬಾರದು. ಆಮೇಲೆ ಬಿಡದೆ ತಿರುವಬೇಕು. ಮೇಲಿನ ಹೊಳಪು ಹೋಗಿ ಮಂಕಾದ ಗಳಿಗೆಯಲ್ಲೇ ಕೊಬ್ಬರಿ ಎಣ್ಣೆ ಸವರಿದ ತಟ್ಟೆಗೆ ಸುರಿಯಬೇಕು. ಹಾಗೆ ಮಾಡಿದ ಚಾಕೊಲೇಟು ಬಾಯಿಗಿಟ್ಟರೆ ಬೆಣ್ಣೆಯ ಹಾಗೆ ಕರಗುತ್ತಿತ್ತು.

ಎರಡು ಸಾವಿರದ ಒಂದರಲ್ಲಿ ಮಾಹಿರಾ ಮೊದಲ ಬಾರಿಗೆ ಕುರಾನ್ ಪೂರ್ತಿ ಓದಿ ಮುಗಿಸಿದಳು. ಅದಕ್ಕೊಂದು ಸಮಾರಂಭ ಮಾಡಿ ನೆಂಟರಿಗೆ, ಬೀದಿಯವರಿಗೆ ಸಿಹಿ ಹಂಚುವುದು ರೂಢಿ. ಬೀಬಿಜಾನ್ ಎಂದಿನಂತೆ ಖೋವಾ ಪೇಡ ಹೇಳಿಬರಲು ಮಗನನ್ನು ಕರೆದರು. ಅಷ್ಟು ವರ್ಷ ಅತ್ತೆಯ ಮಾತಿಗೆ ಎದುರು ಹೇಳದಿದ್ದ ಅಜೀಮುನ್ನೀಸಾ ಅಂದು ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

"ಅಮ್ಮಾ, ಪೇಡ ಬೇಡ. ಓದಿದೋಳು ಮಾಹಿರಾ. ಅವಳ ಹೆಸರಲ್ಲಿ ಹಂಚೋ ಸಿಹೀನ ಅವಳೇ ತಿನ್ನಬಾರದು ಅಂದ್ರೆ ಹೆಂಗೆ?"

"ಎರಡೂ ಇಡೋಣ ಬುಡು" ಎಂದ ಯಾಸೀನ್ ಮೆಲ್ಲಗೆ.

"ಬೇಡಾರೀ. ಎರಡಿಟ್ರೆ ಮತ್ತೆ ಅವಳ ತಟ್ಟೆ ಮೂಲೇಲಿ. ಇವತ್ತೊಂದಿನ ಎಲ್ಲರ ತಟ್ಟೇಲೂ ಅವಳದೇ ಇರಲಿ. ನಾನು ಮಾಡ್ತೀನಿ."

ಬೀಬಿಜಾನ್ ಸೊಸೆಯನ್ನು ಕಾಲಿಂದ ತಲೆಯವರೆಗೆ ನೋಡಿದರು. "ಅರಸೀಕೆರೆಯಿಂದ, ಹುಳಿಯಾರಿಂದ ಜನ ಬತ್ತಾರೆ. ಕೆಟ್ರೆ ಮರ್ಯಾದೆ ಯಾರ್ದು?"

"ನಂದು" ಎಂದಳು ಅಜೀಮುನ್ನೀಸಾ.

ಸಮಾರಂಭದ ಹಿಂದಿನ ದಿನ ಬೆಳಿಗ್ಗೆ ದ್ರಾಕ್ಷಾಯಣಮ್ಮ ಒಂದು ಕುಕ್ಕೆ ಕಾಯಿ ತಂದು, ತಾವೂ ತುರಿಯಲು ಕೂತರು. ದೊಡ್ಡ ಹಿತ್ತಾಳೆ ಪಾತ್ರೆಯಲ್ಲಿ ಪಾಕ ಚೆನ್ನಾಗಿಯೇ ಬಂತು, ತಣಿಯಿತು. ತೊಂದರೆಯಾದದ್ದು ತಿರುವುವಾಗ. ಮನೆಮಟ್ಟಿಗೆ ಮಾಡುವಾಗ ಸುಲಭವಾಗಿ ಆಗುತ್ತಿದ್ದದ್ದು ಈ ರಾಶಿಯಲ್ಲಿ ಆಗಲೊಲ್ಲದು. ಅಜೀಮುನ್ನೀಸಾಳ ರಟ್ಟೆ ಸೋತಿತು. ದ್ರಾಕ್ಷಾಯಣಮ್ಮ ತಿರುವಿದರು, ಅವರ ಕೈಯೂ ಬಿದ್ದುಹೋಯಿತು. ಗ್ಯಾರೇಜಿನಿಂದ ಊಟಕ್ಕೆ ಬಂದ ಯಾಸೀನ್ ಮೊಣಕೈವರೆಗೆ ಸೋಪು ಹಚ್ಚಿ ಗ್ರೀಸು ತೊಳೆದುಕೊಂಡು ಸೌಟು ಹಿಡಿದ. ಹೊಳಪು ಮಾತ್ರ ಹಾಗೇ ಇತ್ತು. ಕೈ ನಿಲ್ಲಿಸಿದ ಯಾಸೀನ್, "ಕೆಟ್ಟೋಯ್ತೇನೋ ಕಣೇ" ಎಂದ.

ಅಷ್ಟೂ ಹೊತ್ತು ನಡುಮನೆಯಲ್ಲಿ ಕೂತು ಕಿವಿ ಮಾತ್ರ ಇತ್ತ ಇಟ್ಟಿದ್ದ ಬೀಬಿಜಾನ್ ಎದ್ದು ಬಂದರು. ಸೆರಗು ಸಿಕ್ಕಿಸಿಕೊಂಡು, ಮಗನ ಕೈಯಿಂದ ಸೌಟು ತೆಗೆದುಕೊಂಡು, ಒಂದು ಸುತ್ತು ತಿರುವಿ ನೋಡಿದರು.

"ಕೆಟ್ಟಿಲ್ಲ. ಭಾರ ಬತ್ತಾ ಇದೆ. ನಿಲ್ಲಿಸಬಾರದು, ಅಷ್ಟೆ" ಎಂದರು. "ಬಾ ಬಹೂ, ನೀನು ಆ ಕಡೆಯಿಂದ ಹಿಡಿ."

ಅತ್ತೆ ಸೊಸೆ ಎದುರುಬದುರು ಕೂತು ಒಂದೇ ಸೌಟು ಹಿಡಿದು ತಿರುವಿದರು. ಇಬ್ಬರ ಹಣೆಯಿಂದಲೂ ಬೆವರು ಇಳಿಯಿತು. ಇದ್ದಕ್ಕಿದ್ದಂತೆ ಸೌಟು ಬಿಗಿಯಾಯಿತು, ಹೊಳಪು ಆರಿತು. "ಈಗ!" ಎಂದು ಕೂಗಿದವಳು ಅಜೀಮುನ್ನೀಸಾ. ನಾಲ್ವರೂ ಸೇರಿ ತಟ್ಟೆತಟ್ಟೆಗೆ ಸುರಿದರು. ಬೀಬಿಜಾನ್ ಪಾತ್ರೆಯ ಅಂಚಿನಲ್ಲಿ ಉಳಿದಿದ್ದನ್ನು ಬೆರಳಲ್ಲಿ ತೆಗೆದು ಬಾಯಿಗಿಟ್ಟುಕೊಂಡರು. ಕಣ್ಣು ಮುಚ್ಚಿದರು. ಇನ್ನೊಂದು ಸಲ ಬೆರಳು ಹಾಕಿದರು.

ಮರುದಿನ ಮನೆ ತುಂಬ ಜನ. ಹಸಿರು ಜರಿಯ ದುಪಟ್ಟಾ ಹೊದ್ದ ಮಾಹಿರಾ ಕೊನೆಯ ಸಾಲುಗಳನ್ನು ಎಲ್ಲರ ಮುಂದೆ ತಡವರಿಸದೆ ಓದಿದಳು. ಓದಿ ಮುಗಿಸಿದವಳನ್ನು ಬೀಬಿಜಾನ್ ಪಕ್ಕಕ್ಕೆ ಕೂರಿಸಿಕೊಂಡು, ತಟ್ಟೆಯಿಂದ ಮೊದಲ ತುಂಡು ಎತ್ತಿ ಮೊಮ್ಮಗಳ ಬಾಯಿಗೆ ತಾವೇ ಇಟ್ಟರು. ಖೋವಾ ನೆಕ್ಕಿಸಿದ ಆ ದಿನದಿಂದ ಆಕೆ ಮಗುವಿನ ಬಾಯಿಗೆ ಏನನ್ನೂ ಹಾಕಿರಲಿಲ್ಲ. ಆಮೇಲೆ ಮಾಹಿರಾ ತಟ್ಟೆ ಹಿಡಿದು ತಾನೇ ಎಲ್ಲರಿಗೂ ಹಂಚಿದಳು.

ಅರಸೀಕೆರೆಯಿಂದ ಬಂದಿದ್ದ ನೆಂಟರ ಹೆಂಗಸೊಬ್ಬರು ತುಂಡು ಕಚ್ಚಿ, "ಎಲ್ಲಿಂದ ತರಿಸಿದ್ರಿ? ಬೆಂಗಳೂರಿಂದಾ?" ಎಂದು ಕೇಳಿದರು.

"ಅಂಗಡೀದಲ್ಲ" ಎಂದರು ಬೀಬಿಜಾನ್, ಇಡೀ ನಡುಮನೆಗೆ ಕೇಳುವಂತೆ. "ನಮ್ಮ ಸೊಸೆ ಮಾಡಿದ್ದು. ಒಂದು ಹನಿ ಹಾಲಿಲ್ಲ, ತುಪ್ಪ ಇಲ್ಲ. ನನಗೂ ಬರಲ್ಲ ಇದು."

ಬಾಗಿಲ ಮರೆಯಲ್ಲಿ ನಿಂತಿದ್ದ ಅಜೀಮುನ್ನೀಸಾ ಈ ಕೊನೆಯ ಮಾತು ಕೇಳಿ ಅಡುಗೆಮನೆಗೆ ಹೋಗಿ, ಕೆಲಸವಿಲ್ಲದಿದ್ದರೂ ಒಂದು ಪಾತ್ರೆಯನ್ನು ಒರೆಸಿದಳು, ಮತ್ತೆ ಒರೆಸಿದಳು. ಮುಖದ ಮೇಲಿನ ನಗು ಅಡಗಿಸಲು ಬೇರೆ ದಾರಿ ಕಾಣಲಿಲ್ಲ.

ಆಮೇಲೆ ಆ ಬೀದಿಯ ಸಮಾರಂಭಗಳಿಗೆಲ್ಲ ಅವಳಿಗೆ ಕರೆ ಬರತೊಡಗಿತು. ದ್ರಾಕ್ಷಾಯಣಮ್ಮ ತಮ್ಮ ಮಗಳ ನಿಶ್ಚಿತಾರ್ಥಕ್ಕೂ ಅವಳಿಂದಲೇ ಮಾಡಿಸಿದರು. ಒಂದು ದಿನ ತುರುವೇಕೆರೆಯಿಂದ ನಿಂಗಮ್ಮ ಎಂಬ ಅಪರಿಚಿತ ಹೆಂಗಸು, ಹಾಲು ಆಗದ ಮೊಮ್ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಮನೆ ಹುಡುಕುತ್ತಾ ಬಂದರು. ಅಜೀಮುನ್ನೀಸಾ ಅವರನ್ನು ಒಳಗೆ ಕರೆದು ಕೂರಿಸಿ, ಒಲೆ ಹಚ್ಚಿದಳು. "ನೋಡ್ಕಳ್ಳಿ ಅಮ್ಮಾ. ಉರಿ ಸಣ್ಣಗಿರಲಿ, ಅವಸರ ಮಾಡಬ್ಯಾಡಿ" ಎಂದು ಮೊದಲಿನಿಂದ ಕೊನೆಯವರೆಗೆ ಎದುರಿಗೇ ಮಾಡಿ ತೋರಿಸಿದಳು.