ಶಿವಪುತ್ರನ ಬೇಸ್ ಗಿಟಾರಿನ ಓರೆ ಪಟ್ಟಿ

೧೯೯೮ರಲ್ಲಿ ಬೈಲಹೊಂಗಲದ ಪೇಟೆಯಲ್ಲಿ ನನ್ನದೊಂದು ಹಾರ್ಮೋನಿಯಂ ರಿಪೇರಿ ಅಂಗಡಿಯಿತ್ತು. ಅಪ್ಪ ಬಡಗಿ. ಚಕ್ಕಡಿ, ಬಾಗಿಲು ಮಾಡುತ್ತಲೇ ಭಜನಾ ಮೇಳದವರ ಹಾರ್ಮೋನಿಯಂ ಪೆಟ್ಟಿಗೆ ಬಿಚ್ಚಿ ಜೋಡಿಸುವುದನ್ನು ಕಲಿತಿದ್ದ. ನಾನು ಚಕ್ಕಡಿ ಬಿಟ್ಟು ಪೆಟ್ಟಿಗೆಯನ್ನಷ್ಟೇ ಹಿಡಿದುಕೊಂಡೆ. ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯಿಂದೆಲ್ಲ ಕೆಲಸ ಬರುತ್ತಿತ್ತು. ಮೂವತ್ತೊಂದು ವರ್ಷದ ಕಸುಬಿನಲ್ಲಿ ಎಷ್ಟು ಹಾರ್ಮೋನಿಯಂ ಬಿಚ್ಚಿದೆನೋ ನೆನಪಿಲ್ಲ. ಮರೆಯಲಾಗದೆ ಉಳಿದದ್ದು ಹಾರ್ಮೋನಿಯಂ ಅಲ್ಲದ ಒಂದೇ ಒಂದು ವಾದ್ಯ.

ಅಪ್ಪ ಕಲಿಸಿದ ಮೊದಲ ಪಾಠ ಪೆನ್ಸಿಲ್ಲಿನದು. ಯಾವ ಭಾಗ ಬಿಚ್ಚಬೇಕಾದರೂ ಮೊದಲು ಅದರ ಸುತ್ತ ಗೆರೆ ಎಳೆಯಬೇಕು, ಹೊಸದನ್ನು ಅದೇ ಗೆರೆಯೊಳಗೆ ಕೂಡಿಸಬೇಕು. "ಮಾಡಿದಾವ ನಿನಗಿಂತ ಶಾಣ್ಯಾ ಇದ್ದ ಅಂತ ತಿಳಕೊ" ಅನ್ನುತ್ತಿದ್ದ. ರೀಡು, ಅಂದರೆ ಗಾಳಿಗೆ ಅದುರಿ ಸ್ವರ ಹೊರಡಿಸುವ ಹಿತ್ತಾಳೆಯ ನಾಲಗೆ, ಕೂದಲೆಳೆಯಷ್ಟು ಸರಿದರೂ ಅಪಸ್ವರವೇ. ಹೀಗಾಗಿ ಆ ಪೆನ್ಸಿಲ್ ಗೆರೆ ನನಗೆ ಕಾಯಿದೆಯಾಗಿತ್ತು, ಸ್ವಲ್ಪ ಜಂಬವೂ ಆಗಿತ್ತು. ನಾನು ಭಾಗ ಬದಲಿಸಿದ್ದೇ ತಿಳಿಯುವುದಿಲ್ಲ ಅಂತ ಗಿರಾಕಿಗಳೆದುರು ಹೇಳಿಕೊಳ್ಳುತ್ತಿದ್ದೆ.

ಆ ವರ್ಷ ಮಳೆಗಾಲದ ಶುರುವಿಗೆ ಯರಗಟ್ಟಿಯಿಂದ ಗಂಗವ್ವ ಎಂಬ ಹೆಣ್ಣುಮಗಳು ಗಂಡನನ್ನು ಕರೆದುಕೊಂಡು ಬಂದಳು. ಗಂಡ ಶಿವಪುತ್ರ ಒಳಗೆ ಬರಲಿಲ್ಲ. ಎಡಗೈಯನ್ನು ಪ್ಯಾಂಟಿನ ಜೇಬಿನಲ್ಲಿಟ್ಟುಕೊಂಡು ಹೊಸ್ತಿಲ ಹೊರಗೇ ನಿಂತ. ಅವಳು ಒಂದು ಉದ್ದನೆಯ ಕೋಲನ್ನು ನನ್ನ ಮುಂದಿಟ್ಟಳು. ಕೋಲಿನ ಮೇಲೆ ನಾಲ್ಕು ಸುತಳಿ ಬಿಗಿದಿತ್ತು, ಅಡ್ಡಕ್ಕೆ ಚಾಕುವಿನ ಗುರುತುಗಳಿದ್ದವು.

"ನಮ್ಮ ಮನಿಯವರು ಆರ್ಕೆಸ್ಟ್ರಾದಾಗ ಬೇಸ್ ಗಿಟಾರ್ ಬಾರಸ್ತಿದ್ದರ್ರಿ. ದನದ ಕಣಿಕಿ ಕತ್ತರಸೋ ಮಷಿನ್ಯಾಗ ಎಡಗೈದು ಎರಡ ಬೆರಳ ಹ್ವಾದೂವ್ರಿ. ಎಂಟ ತಿಂಗಳಾತು, ಈ ಕೋಲ ಹಿಡಕೊಂಡ ಬಲಗೈಗೆ ಕಲಸಾಕ ಹತ್ಯಾರ. ಕೋಲಿಗೆ ಸಪ್ಪಳಾ ಇಲ್ಲಲ್ರಿ" ಅಂದಳು.

ಬೇಸ್ ಗಿಟಾರ್ ಎಂದರೆ ನಾಲ್ಕು ದಪ್ಪ ತಂತಿಯ, ತಗ್ಗು ದನಿಯ ಗಿಟಾರ್. ಇದ್ದಾಗ ಯಾರೂ ಗಮನಿಸುವುದಿಲ್ಲ, ಇಲ್ಲದಿದ್ದರೆ ಹಾಡು ಬೋಳುಬೋಳು ಅನಿಸುತ್ತದೆ. ಎಲ್ಲರೂ ಎಡಗೈಯಿಂದ ತಂತಿ ಒತ್ತಿ ಬಲಗೈಯಿಂದ ಮೀಟುತ್ತಾರೆ. ಶಿವಪುತ್ರನ ಎಡಗೈಯಲ್ಲಿ ಉಳಿದ ಬೆರಳುಗಳಿಂದ ಮೀಟಬಹುದಿತ್ತು, ಒತ್ತಲು ಆಗುತ್ತಿರಲಿಲ್ಲ. ಅವನಿಗೆ ಬೇಕಾದದ್ದು ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ಅದಲುಬದಲಾದ ಗಿಟಾರ್. ಅಂಥದ್ದು ಹುಬ್ಬಳ್ಳಿಯ ಅಂಗಡಿಗಳಲ್ಲೂ ಇರಲಿಲ್ಲ. ಅವನ ಆರ್ಕೆಸ್ಟ್ರಾ ಮೇಳದ ಮುಖ್ಯಸ್ಥ ಅಶೋಕ ಕೀಬೋರ್ಡ್ ನುಡಿಸುವವನು. ದೀಪಾವಳಿ ನಂತರ ಕಿತ್ತೂರಿನಲ್ಲಿ ಒಂದು ದೊಡ್ಡ ಮದುವೆಯ ಕಾರ್ಯಕ್ರಮವಿತ್ತು. ಅದಕ್ಕೆ ಮುಂಚೆ ಬಾರಿಸಿ ತೋರಿಸಿದರೆ ಜಾಗ ಶಿವಪುತ್ರನದು, ಇಲ್ಲದಿದ್ದರೆ ಬೇರೆಯವನನ್ನು ಕಾಯಂ ಮಾಡುವುದಾಗಿ ಅಶೋಕ ಹೇಳಿದ್ದ.

ನಾನು ಗಿಟಾರ್ ಮಾಡುವವನಲ್ಲ ಅಂತ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅಳತೆಪಟ್ಟಿ ಹಿಡಿದು ಆ ಕೋಲು ನೋಡಿದೆ. ಮೊದಲ ಗುರುತಿನಿಂದ ತಂತಿ ಕೊನೆಗೊಳ್ಳುವ ಗುರುತಿಗೆ ಸರಿಯಾಗಿ ಮೂವತ್ತನಾಲ್ಕು ಇಂಚು. ಬೇಸ್ ಗಿಟಾರಿನ ತಂತಿಯ ಉದ್ದ ಅಷ್ಟೇ. ಬರೀ ನೆನಪಿನಿಂದ ಕೊರೆದಿದ್ದ. ಒಪ್ಪಿಕೊಂಡುಬಿಟ್ಟೆ.

ಭಾಗಗಳನ್ನು ಹುಡುಕುವುದರಲ್ಲೇ ಎರಡು ತಿಂಗಳು ಹೋಯಿತು. ರಾಮದುರ್ಗದಲ್ಲಿ ಮುಚ್ಚಿಹೋದ ಒಂದು ಮೇಳದವರ ಅಟ್ಟದಲ್ಲಿ ಹೊಟ್ಟೆ ಒಡೆದ ಬೇಸ್ ಸಿಕ್ಕಿತು. ಅದರ ಕುತ್ತಿಗೆ ನೆಟ್ಟಗಿತ್ತು, ಸ್ವರಕ್ಕೊಂದರಂತೆ ಬೆರಳೊತ್ತುವ ಅಡ್ಡ ಮೆಟ್ಟಿಲುಗಳು ಸವೆದಿರಲಿಲ್ಲ, ತಂತಿ ಬಿಗಿಯುವ ಕಿವಿ ನಾಲ್ಕರಲ್ಲಿ ಮೂರು ಸರಿಯಿದ್ದವು. ನಾಲ್ಕನೆಯದನ್ನು ಬೇರೊಂದು ಮುರುಕು ಗಿಟಾರಿನಿಂದ ತೆಗೆದೆ. ಪಿಕಪ್, ಅಂದರೆ ತಂತಿಯ ಅದುರುವಿಕೆಯನ್ನು ಕರೆಂಟಿಗೆ ತಿರುಗಿಸುವ ಅಯಸ್ಕಾಂತದ ತುಂಡು, ಹುಬ್ಬಳ್ಳಿಯ ಗುಜರಿಯಲ್ಲಿ ಸಿಕ್ಕಿತು. ದನಿ ಏರಿಸುವ ಗುಂಡಿ ಹಳೆಯ ರೇಡಿಯೋದ್ದು. ಮೈಗೆ ಸವದತ್ತಿಯ ಪರಿಚಯದವರೊಬ್ಬರು ಸಾಗವಾನಿಯ ಹಲಗೆ ಕೊಟ್ಟರು. ಡ್ಯಾಮಿನ ನೀರಿಗೆ ಹೋದ ಮನೆಯಿಂದ ಬಿಚ್ಚಿ ತಂದ ಬಾಗಿಲದು, ಒಣಗಿ ಗಂಟೆಯ ಹಾಗೆ ನುಡಿಯುತ್ತಿತ್ತು. ಹೆಗಲಿಗೆ ಹಾಕುವ ಪಟ್ಟಿಯನ್ನು ಗಂಗವ್ವ ಕೌದಿಯ ತುಂಡುಗಳಿಂದ ಹೊಲಿದುಕೊಟ್ಟಳು.

ಮೈಯನ್ನು ಅದಲುಬದಲು ಆಕಾರಕ್ಕೆ ಕೊಯ್ದೆ. ಕುತ್ತಿಗೆಯ ತುದಿಯಲ್ಲಿ ತಂತಿ ಕೂರುವ ಕಚ್ಚುಗಳನ್ನು ತಿರುವಿ ಕೊರೆದೆ, ಯಾಕೆಂದರೆ ದಪ್ಪ ತಂತಿ ಸಣ್ಣ ಕಚ್ಚಿನಲ್ಲಿ ಕೂರುವುದೇ ಇಲ್ಲ. ಕೊನೆಗೆ ಉಳಿದದ್ದು ಮೈ ಮೇಲಿನ ಬ್ರಿಡ್ಜ್, ತಂತಿಗಳು ಹಾದುಹೋಗುವ ಹಿತ್ತಾಳೆಯ ಪಟ್ಟಿ. ಹಳೆಯ ಗಿಟಾರಿನಲ್ಲಿ ಅದು ಒಂದಿಷ್ಟು ಓರೆಯಾಗಿತ್ತು. ಕಾಗದ ಇಟ್ಟು ಅದರ ಸುತ್ತ ಗೆರೆ ಎಳೆದುಕೊಂಡೆ, ಹೊಸ ಮೈ ಮೇಲೆ ಅದೇ ಗೆರೆಯೊಳಗೆ ಕೂಡಿಸಿದೆ. ಹಾರ್ಮೋನಿಯಂ ಪಕ್ಕದಲ್ಲಿಟ್ಟು ಎಲ್ಲೂ ಬೆರಳೊತ್ತದೆ ನಾಲ್ಕೂ ಬರಿ ತಂತಿಗಳನ್ನು ಶ್ರುತಿ ಮಾಡಿದೆ. ಎಲ್ಲವೂ ಕರಾರುವಾಕ್ಕಾಗಿ ಹೊಂದಿದವು.

ಶಿವಪುತ್ರ ಬಂದು ಅದನ್ನು ಹೆಗಲಿಗೆ ಹಾಕಿಕೊಂಡ ದಿನ ಮೊದಲ ಬಾರಿಗೆ ಎಡಗೈಯನ್ನು ಜೇಬಿನಿಂದ ಹೊರತೆಗೆದ. ನಾಲ್ಕಾರು ಸಲ ಮೀಟಿದ. ಅಂಗಡಿಯ ಹಲಗೆಗಳೆಲ್ಲ ಗುಂಯ್ ಎಂದವು. "ಛಲೋ ಆತ್ರಿ" ಅಂದ, ಅಷ್ಟೇ. ಅವನು ಹೋದ ಮೇಲೆ ನಾನು ಇಡೀ ದಿನ ಖುಷಿಯಲ್ಲಿದ್ದೆ.

ಮೂರು ವಾರದ ನಂತರ ಅಶೋಕ ನನ್ನಲ್ಲಿಗೆ ಬಂದ, ತನ್ನ ಹಾರ್ಮೋನಿಯಂನ ಗಾಳಿ ಒತ್ತುವ ತಿದಿ ಹರಿದಿತ್ತೆಂದು. ನೇಸರಗಿಯಲ್ಲಿ ತಾಲೀಮು ಆಯಿತಂತೆ. "ಅಂವಂದು ಆಗೂದಿಲ್ರಿ. ಕೆಳಗಿನ ಮೆಟ್ಟಿಲದಾಗ ಪಾಡ ಬಾರಸ್ತಾನ, ಮ್ಯಾಲ ಹ್ವಾದಂಗ ಸುರಾ ತಪ್ಪತಾವ. ಬಲಗೈಗೆ ಇನ್ನ ಬರೂದಿಲ್ಲ ಬಿಡ್ರಿ" ಅಂದ. ಕಿತ್ತೂರಿನ ಕಾರ್ಯಕ್ರಮಕ್ಕೆ ಬೇರೆಯವನನ್ನು ಗೊತ್ತು ಮಾಡಿಯಾಗಿತ್ತು.

ನಾನೂ "ಪಾಪ" ಅಂದೆ. ಅದನ್ನು ಇಂದು ಬರೆಯಲು ನಾಚಿಕೆಯಾಗುತ್ತದೆ. ನನ್ನ ಕೆಲಸದ ಮೇಲೆ ಒಂದು ಕ್ಷಣವೂ ಅನುಮಾನ ಬರಲಿಲ್ಲ. ಬೆರಳು ಕಳೆದುಕೊಂಡ ಮನುಷ್ಯ ಕಣ್ಣೆದುರಿಗಿದ್ದಾಗ ತಪ್ಪು ಅವನದೇ ಅನ್ನುವುದು ಎಲ್ಲರಿಗೂ ಸಲೀಸು. ಶಿವಪುತ್ರನೂ ನನ್ನ ಹತ್ತಿರ ಒಂದು ದೂರೂ ತರಲಿಲ್ಲ.

ಕೆಲವು ದಿನಗಳಾದ ಮೇಲೆ ಒಂದು ಮಧ್ಯಾಹ್ನ ಹಾರ್ಮೋನಿಯಂ ಬಿಚ್ಚಲು ಕೂತಿದ್ದೆ. ಕಿಟಕಿಯ ಮೊಳೆಗೆ ಸಿಕ್ಕಿಸಿದ್ದ ಆ ಬ್ರಿಡ್ಜಿನ ಕಾಗದ ಗಾಳಿಗೆ ತಿರುಗಿ ಬೆನ್ನು ತೋರಿಸುತ್ತ ತೂಗುತ್ತಿತ್ತು. ಬಿಸಿಲಿಗೆ ಗೆರೆ ಹಿಂದಿನಿಂದ ಕಾಣುತ್ತಿತ್ತು. ಓರೆ ಈಗ ಇನ್ನೊಂದು ಕಡೆಗಿತ್ತು. ಕೈಯಲ್ಲಿದ್ದ ಪೆನ್ಸಿಲ್ ಕೆಳಗಿಟ್ಟೆ. ದಪ್ಪ ತಂತಿಗೆ ಉದ್ದ ತುಸು ಹೆಚ್ಚು ಬೇಕು, ಸಣ್ಣ ತಂತಿಗೆ ಕಡಿಮೆ, ಅದಕ್ಕೇ ಆ ಪಟ್ಟಿ ಓರೆ. ತಂತಿಗಳನ್ನು ಅದಲುಬದಲು ಮಾಡಿದ ನಾನು ಪಟ್ಟಿಯನ್ನು ಮಾತ್ರ ಹಳೆಯ ಗೆರೆಯಲ್ಲೇ ಕೂಡಿಸಿದ್ದೆ. ಬರಿ ತಂತಿ ಶ್ರುತಿಗೆ ಬರುತ್ತದೆ, ಕೆಳಗಿನ ಮೆಟ್ಟಿಲುಗಳಲ್ಲಿ ತಪ್ಪು ಕಿವಿಗೆ ಬೀಳುವುದಿಲ್ಲ, ಮೇಲೆ ಹೋದಷ್ಟೂ ಎದ್ದು ಕೇಳುತ್ತದೆ. ಅಶೋಕ ಹೇಳಿದ್ದು ಅಕ್ಷರಶಃ ಅದೇ.

ಒಂದು ರೀಡನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡು, ಸಲಕರಣೆಯ ಚೀಲ ಹಿಡಿದು ಸಿಕ್ಕ ಬಸ್ಸಿಗೆ ಯರಗಟ್ಟಿಗೆ ಹೋದೆ. ಗಿಟಾರ್ ಪಡಸಾಲೆಯ ಗೂಟಕ್ಕೆ ನೇತಾಡುತ್ತಿತ್ತು. ಶಿವಪುತ್ರ ನನ್ನನ್ನು ಕಂಡು ಎದ್ದು ನಿಂತ.

"ನಿಮ್ಮ ಕೆಲಸಾ ಛಲೋ ಆಗೈತ್ರಿ ಅಣ್ಣಾರ. ನನ್ನ ಕೈನ ಸುಮಾರೈತಿ. ನೀವ್ಯಾಕ ಬರಾಕ ಹೋದ್ರಿ?"

"ಗಿಟಾರ್ ಕೊಡು" ಅಂದೆ.

ದಪ್ಪ ತಂತಿಗಳ ಪೈಕಿ ಒಂದನ್ನು ರೀಡಿಗೆ ಹೊಂದಿಸಿದೆ. ಹನ್ನೆರಡನೆಯ ಮೆಟ್ಟಿಲು ತಂತಿಯ ನಟ್ಟನಡುವೆ ಇರುತ್ತದೆ, ಅಲ್ಲಿ ಒತ್ತಿದರೆ ಅದೇ ಸ್ವರ ಒಂದು ಸಪ್ತಕ ಮೇಲೆ ಬರಬೇಕು. ಅವನಿಗೆ ಅಲ್ಲಿ ಒತ್ತಲು ಹೇಳಿ, ರೀಡನ್ನು ತುಟಿಗೆ ಹಿಡಿದು ಊದಿದೆ. ಗಿಟಾರಿನ ಸ್ವರ ರೀಡಿನ ಆ ಮೇಲಿನ ಸಪ್ತಕವನ್ನೂ ತುಸು ದಾಟಿ ಮೇಲಿತ್ತು. ನಾನೇ ಒತ್ತಿ ನೋಡಿದೆ, ಆಗಲೂ ಅಷ್ಟೇ ಮೇಲಿತ್ತು. ಅವನು ನನ್ನ ಮುಖ ನೋಡಿದ.

"ನನ್ನ ಕೈ ಅಲ್ಲೇನ್ರಿ?"

"ಅಲ್ಲೋ ತಮ್ಮಾ. ನಂದು."

ಅಂಗಳದಲ್ಲೇ ಕೂತು ಪಟ್ಟಿ ಬಿಚ್ಚಿದೆ. ಹಳೆಯ ತೂತುಗಳಿಗೆ ಕಡ್ಡಿ ಬಡಿದು ಮುಚ್ಚಿ, ಓರೆಯನ್ನು ತಿರುವಿ ಹೊಸ ತೂತು ಕೊರೆದೆ. ತಂತಿ ಬಿಗಿದು ಕೊಟ್ಟೆ. ಶಿವಪುತ್ರ ಕೆಳಗಿನ ಮೆಟ್ಟಿಲಿನಿಂದ ಒಂದೊಂದೇ ಸ್ವರ ಹತ್ತುತ್ತ ಹೋದ. ಮೇಲೆ ಮುಟ್ಟಿದ ಮೇಲೂ ಸ್ವರ ಕೆಡಲಿಲ್ಲ. ಮತ್ತೆ ಮೊದಲಿನಿಂದ ಬಾರಿಸಿದ, ಮತ್ತೆ. ಆಮೇಲೆ ಗೋಡೆಯ ಕಡೆ ಮುಖ ಮಾಡಿ ನಿಂತುಬಿಟ್ಟ. ಬಾಗಿಲಲ್ಲಿದ್ದ ಗಂಗವ್ವ ನನ್ನನ್ನೇ ನೋಡುತ್ತಿದ್ದಳು.

"ಹಂಗಾರ ಇಷ್ಟ ದಿನಾ ಇವರು ಸುಳ್ಳ ಸುಳ್ಳ ತಮ್ಮ ಕೈಗೆ ಬೈಕೊಂಡ್ರಲ್ರಿ?" ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು.

ಮರುದಿನ ನೇಸರಗಿಗೆ ಹೋಗಿ ಮೇಳದವರೆಲ್ಲರ ಎದುರು ಅಶೋಕನಿಗೆ ತಪ್ಪು ಯಾರದೆಂದು ಹೇಳಿದೆ. ಗಿರಾಕಿಗಳೆದುರು ಕೊಚ್ಚಿಕೊಂಡವನಿಗೆ ಅದು ಸುಲಭದ ಮಾತಾಗಿರಲಿಲ್ಲ. ಕಿತ್ತೂರಿನ ಕಾರ್ಯಕ್ರಮ ಅಷ್ಟರಲ್ಲಿ ಮುಗಿದುಹೋಗಿತ್ತು. ಅಶೋಕ ಶಿವಪುತ್ರನನ್ನು ಕರೆಸಿ ಬಾರಿಸಲು ಹೇಳಿ ಕೇಳಿದ, ಸಂಕ್ರಾಂತಿಯ ನಂತರ ಮೇಳಕ್ಕೆ ಸೇರಿಸಿಕೊಂಡ. ಶಿವಪುತ್ರ ಅದೇ ಗಿಟಾರನ್ನು ಒಂಬತ್ತು ವರ್ಷ ಬಾರಿಸಿದ. ತಂತಿ ಬದಲಿಸಲು ನನ್ನಲ್ಲಿಗೇ ಬರುತ್ತಿದ್ದ. ಮುಚ್ಚಿದ ತೂತುಗಳು ಪಾಲಿಶಿನ ಕೆಳಗೆ ಕಾಣುತ್ತಿದ್ದವು.

ಅಪ್ಪನ ಪೆನ್ಸಿಲ್ ಈಗಲೂ ನನ್ನ ಹತ್ತಿರ ಇದೆ. ಆದರೆ ಆ ವರ್ಷದಿಂದ ಗೆರೆ ಎಳೆಯುವ ಮುಂಚೆ ಬಾರಿಸುವವರ ಕೈ ನೋಡುವುದನ್ನು ಕಲಿತೆ. ಯಾರಾದರೂ ಬಂದು, ತನಗೆ ಬರುತ್ತಿಲ್ಲ, ತನ್ನದೇ ತಪ್ಪು ಅಂದರೆ ಮೊದಲು ನನ್ನ ಕೆಲಸವನ್ನು ಬಿಚ್ಚಿ ನೋಡುತ್ತಿದ್ದೆ. ಪಟ್ಟಿಯನ್ನು ತಿರುವಿ ಕೂಡಿಸಲು ನನಗೆ ಅರ್ಧ ತಾಸು ಸಾಕಾಯಿತು. ಅಲ್ಲಿಯವರೆಗೆ ಒಬ್ಬ ಮನುಷ್ಯ ತನಗೆ ಉಳಿದಿದ್ದ ಒಂದೇ ಒಳ್ಳೆಯ ಕೈಯನ್ನು ಬೈದುಕೊಳ್ಳುತ್ತ ಕೂತಿದ್ದ. ಆ ದಿನಗಳನ್ನು ನಾನು ರಿಪೇರಿ ಮಾಡಿಕೊಡಲು ಆಗಲಿಲ್ಲ.